ಗಂಗರತ್ನಮ್ಮನ ಹೊಸಿಲು

ಕೋಲಾರ ಪೇಟೆಯ ಅಂಗಡಿ ಕಾಂಪ್ಲೆಕ್ಸಿನಲ್ಲಿ ಮಹಡಿ ಹತ್ತಿ ಎಡಕ್ಕೆ ತಿರುಗಿದ ಹೊಸಬರು ಸಾಮಾನ್ಯವಾಗಿ ಒಮ್ಮೆ ಎಡವುತ್ತಾರೆ. ಉದ್ದಕ್ಕೂ ನುಣುಪಾದ ಮೊಸಾಯಿಕ್ ನೆಲ, ಸಾಲಾಗಿ ಷಟರ್ ಬಾಗಿಲುಗಳು. ಹದಿನಾಲ್ಕನೇ ನಂಬರಿನ ಬಳೆ ಅಂಗಡಿಯ ಮುಂದೆ ಮಾತ್ರ ಒಂದು ಹಳೆಯ ಮರದ ಹೊಸಿಲು ಅಡ್ಡಲಾಗಿ ಕೂತಿದೆ. ಎಡವಿದವರು ಬೈಯಲೆಂದು ಬಾಯಿ ತೆರೆಯುವಷ್ಟರಲ್ಲಿ ಅದರ ಮೇಲಿನ ಅರಿಶಿನ ಕುಂಕುಮ ಕಣ್ಣಿಗೆ ಬೀಳುತ್ತದೆ. ಬಾಯಿ ಮುಚ್ಚಿ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒಳಗಿನಿಂದ ಗಂಗರತ್ನಮ್ಮನ ದನಿ ಕೇಳುತ್ತದೆ.

"ಬೆರಳಿಗೆ ನೋವಾಯ್ತೇನಮ್ಮಾ? ಬಾ, ಕೂತ್ಕೊ. ಅದು ಹಂಗೇ, ಹೊಸಬರನ್ನ ಮಾತಾಡಿಸದೆ ಬಿಡಲ್ಲ."

ಈಗ ಆ ಕಾಂಪ್ಲೆಕ್ಸಿನಲ್ಲಿ ಅರವತ್ತಕ್ಕೂ ಮೇಲೆ ಅಂಗಡಿಗಳಿವೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಮನೆಯಲ್ಲಿ ಮದುವೆ ಗೊತ್ತಾದರೆ ಬೆಳಗಿನ ಬಸ್ಸಿಗೇ ಹೊರಟು ಬರುತ್ತಾರೆ. ಧಾರೆ ಸೀರೆ, ತಾಮ್ರದ ಹಂಡೆ, ಮದುಮಗನ ಬೂಟು, ಬೀಗರಿಗೆ ಕೊಡುವ ಸ್ಟೀಲು ತಟ್ಟೆ, ಎಲ್ಲ ಒಂದೇ ಸೂರಿನಡಿ ಆಗುತ್ತದೆ. ಕೊನೆಯಲ್ಲಿ ಹೆಂಗಸರೆಲ್ಲ ಬಳೆಗೆಂದು ಹದಿನಾಲ್ಕನೇ ನಂಬರಿಗೆ ಬರುತ್ತಾರೆ. ಗಂಗರತ್ನಮ್ಮ ಕೈ ಹಿಡಿದು, ಹಿಸುಕಿ, ಮೂಳೆ ಒಳಕ್ಕೆ ಸರಿಸಿ, ನೋವಾಗದ ಹಾಗೆ ಗಾಜಿನ ಬಳೆ ಏರಿಸುತ್ತಾಳೆ. ಒಂದು ಡಜನ್ ಏರಲು ಅರ್ಧ ಗಂಟೆ ಬೇಕು. ಗೌರಿ ಹಬ್ಬಕ್ಕೊಮ್ಮೆ, ಸಂಕ್ರಾಂತಿಗೊಮ್ಮೆ ಅಂಥ ಅರ್ಧ ಗಂಟೆಗಳಲ್ಲಿ ಅವಳು ನನಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ದಾರಕ್ಕೆ ಪೋಣಿಸಿದ್ದೇನೆ.

ಅವಳ ತವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಕೆರೆ ಏರಿಯ ಕೆಳಗಿನ ಬಳೆಗಾರರ ಮನೆ. ಹದಿನಾರಕ್ಕೆ ಕೋಲಾರದ ಆಂಜಿನಪ್ಪನಿಗೆ ಕೊಟ್ಟರು. ಆಂಜಿನಪ್ಪನೂ ಬಳೆಗಾರನೇ. ಹಗ್ಗಕ್ಕೆ ಪೋಣಿಸಿದ ಬಳೆಗಳ ದೊಡ್ಡ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಶ್ರೀನಿವಾಸಪುರದ ಹಳ್ಳಿಗಳವರೆಗೂ ನಡೆಯುತ್ತಿದ್ದ. ಗಂಡ ಹೆಂಡತಿ ಇದ್ದದ್ದು ಪೇಟೆಯ ಒಂದು ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ. ಆ ಕೋಣೆಗೆ ಪ್ರತ್ಯೇಕ ಬಾಗಿಲಿರಲಿಲ್ಲ. ಮನೆಯೊಡತಿಯ ಅಡುಗೆಮನೆ ದಾಟಿಯೇ ಒಳಕ್ಕೆ ಹೋಗಬೇಕಿತ್ತು.

ಮುತ್ತೈದೆ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಹೊಸಿಲು ತೊಳೆದು ಅರಿಶಿನ ಕುಂಕುಮ ಇಡುವುದು. ಗಂಗರತ್ನಮ್ಮ ಮನೆಯೊಡತಿಯ ಹೊಸಿಲನ್ನೇ ತೊಳೆದು ಪೂಜೆ ಮಾಡುತ್ತಿದ್ದಳು. "ಅರಿಶಿನ ನಂದು, ಹೊಸಿಲು ಅವರದು," ಎಂದು ನಗುತ್ತಾಳೆ. "ಲಕ್ಷ್ಮಿ ಒಳಗೆ ಬಂದರೂ ಅವರ ಅಡುಗೆಮನೆಯಲ್ಲೇ ನಿಂತುಬಿಡ್ತಿದ್ಲೋ ಏನೋ, ನಮ್ಮ ಕೋಣೆವರೆಗೂ ಬರ್ತಾನೇ ಇರ್ಲಿಲ್ಲ." ತನ್ನದೇ ಒಂದು ಹೊಸಿಲು ಬೇಕೆಂಬ ಆಸೆ ಅವಳಿಗೆ ಆಗ ಹುಟ್ಟಿದ್ದು. ಮನೆ ಅಂತಲ್ಲ, ಅಷ್ಟು ದೂರ ಅವಳ ಆಸೆ ಹೋಗುತ್ತಿರಲಿಲ್ಲ. ಒಂದು ಹೊಸಿಲು, ಸಾಕು.

ಹಗಲು ಅವಳು ಕೂರುತ್ತಿದ್ದದ್ದು ಸುಬ್ಬರಾಯಪ್ಪನವರ ಹುಣಸೆಹಣ್ಣಿನ ಮಂಡಿಯ ಬಾಗಿಲಲ್ಲಿ. ಹಳ್ಳಿಗಳಿಂದ ಗಾಡಿಯಲ್ಲಿ ಹುಣಸೆಹಣ್ಣು ತಂದ ಗಂಡಸರು ಒಳಗೆ ತೂಕ ಹಾಕಿಸುವಾಗ ಹೆಂಗಸರು ಹೊರಗೆ ಸೂರಿನಡಿ ಕಾಯುತ್ತಿದ್ದರು. ಕಾಯುವ ಕೈಗೆ ಬಳೆ ತೊಡಿಸುವುದು ಸುಲಭ. ಮಂಡಿಗೆ ಬೇವಿನ ಮರದ ದೊಡ್ಡ ಹೊಸಿಲಿತ್ತು. ಮೂಟೆ ಹೊತ್ತವರ ಕಾಲು ಸವೆಸಿ ಸವೆಸಿ ನಡುವೆ ಬಟ್ಟಲಿನ ಹಾಗೆ ತಗ್ಗಾಗಿತ್ತು. ಅದಕ್ಕೆ ಒರಗಿ ಹದಿನೈದು ವರ್ಷ ಕೂತಳು.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಸುಬ್ಬರಾಯಪ್ಪನವರು ಮಗಳ ಮದುವೆ ಸಾಮಾನಿಗೆಂದು ಬೆಂಗಳೂರಿಗೆ ಹೋದರು. ಸೀರೆಗೊಂದು ಪೇಟೆ, ಪಾತ್ರೆಗೊಂದು ಪೇಟೆ ಎಂದು ಎರಡು ದಿನ ಬಿಸಿಲಲ್ಲಿ ಅಲೆದು, ಕಾಲಲ್ಲಿ ಬೊಬ್ಬೆ ಎದ್ದು, ಕುಂಟುತ್ತ ಬಸ್ಸಿಳಿದರು. ಇಳಿದವರು ಮನೆಗೂ ಹೋಗದೆ ಮಂಡಿಯ ಮುಂದೆ ನಿಂತು ಅದನ್ನೇ ನೋಡಿದರಂತೆ.

"ಗಂಗಮ್ಮಾ, ಇದನ್ನ ಕೆಡವಿಬಿಡ್ತೀನಿ," ಎಂದರು.

"ಅಯ್ಯೋ, ಯಾಕೆ ಸಾವ್ಕಾರ್ರೇ? ಮಂಡಿ ಏನು ಮಾಡ್ತು?"

"ಏನೂ ಮಾಡ್ಲಿಲ್ಲ. ನನ್ನ ಕಾಲು ನೋಡು. ನಮ್ಮ ನಾಲ್ಕು ತಾಲ್ಲೂಕಿನ ಜನಕ್ಕೂ ಹಿಂಗೇ ತಾನೆ? ಎಲ್ಲಾ ಒಂದೇ ಕಡೆ, ನೆರಳಲ್ಲಿ ಸಿಗೋ ಹಂಗೆ ಕಟ್ಟಿಸ್ತೀನಿ. ಮಂಡಿ ಗೋಡೆಗೆ ಒರಗಿ ಕೂತೋರು ಯಾರನ್ನೂ ಬಿಡಲ್ಲ. ನಿಂಗೂ ಒಂದು ಅಂಗಡಿ."

ಆಡಿದ ಮಾತಿಗೆ ತಪ್ಪಲಿಲ್ಲ. ಎಪ್ಪತ್ತೇಳರ ಶ್ರಾವಣಕ್ಕೆ ಕಟ್ಟಡ ಎದ್ದು ನಿಂತಿತು. ಕೆಳಗೆ ಎಂಟು, ಮಹಡಿಯಲ್ಲಿ ಎಂಟು ಅಂಗಡಿ. ಮಹಡಿಗೆ ಕಡಪ ಕಲ್ಲಿನ ಇಪ್ಪತ್ತೊಂದು ಕಪ್ಪು ಮೆಟ್ಟಿಲು. ಯಾರಿಗೆ ಯಾವುದೆಂದು ಗಣಪತಿ ಪಟದ ಮುಂದೆ ಚೊಂಬಿನಲ್ಲಿ ಚೀಟಿ ಹಾಕಿ ಎತ್ತಿಸಿದರು. ಚಪ್ಪಲಿ ವ್ಯಾಪಾರದ ಪೆದ್ದಪ್ಪನಿಗೆ ಒಂದನೇ ನಂಬರು, ಮೆಟ್ಟಿಲಿನ ಪಕ್ಕದಲ್ಲೇ. ಗಂಗರತ್ನಮ್ಮನ ಚೀಟಿಯಲ್ಲಿ ಹದಿನಾಲ್ಕು.

"ಗಂಗಕ್ಕಾ, ನಿಂಗೆ ಆಕಾಶದಲ್ಲಿ ಸಿಕ್ತಲ್ಲೇ!" ಎಂದ ಪೆದ್ದಪ್ಪ. "ಇನ್ನು ಮೋಡಕ್ಕೆ ಬಳೆ ತೊಡ್ಸು."

"ಮೋಡದ ಕೈ ಮೆತ್ತಗಿರುತ್ತೆ ಬಿಡು ಪೆದ್ದಣ್ಣ. ಹಿಸುಕೋ ಕೆಲಸ ಇಲ್ಲ," ಎಂದಳು. ಆದರೆ ಚೀಟಿಯನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು.

ಮನೆಯಲ್ಲಿ ಆಂಜಿನಪ್ಪನದು ಬೇರೆ ರಾಗ. "ಲೇ, ಬಳೆ ಜನದ ಹತ್ರ ಹೋಗ್ಬೇಕು ಕಣೇ. ಜನ ಬಳೆ ಹತ್ರ ಬಂದಿದ್ದು ನಮ್ಮ ತಾತನ ಕಾಲದಿಂದ ಕೇಳಿಲ್ಲ. ಅದೂ ಮೆಟ್ಟಿಲು ಹತ್ತಿ!"

"ಬೆಟ್ಟ ಹತ್ತಲ್ವಾ ಜನ?"

"ಬೆಟ್ಟದ ಮೇಲೆ ದೇವರಿದಾನೆ. ನಿನ್ನ ಮಹಡಿ ಮೇಲೆ ಯಾರಿದಾರೆ?"

ಅಂಗಡಿಗೆ ಪೂಜೆ ಮಾಡುವ ದಿನ ಅವಳು ಬೆಳಿಗ್ಗೆಯೇ ಅರಿಶಿನ ಕಲಸಿಕೊಂಡು ಹೋದಳು. ಷಟರ್ ಎತ್ತಿದಳು. ಕೆಳಗೆ ನೋಡಿದರೆ ಹೊಸಿಲೇ ಇಲ್ಲ! ಸಮತಟ್ಟಾದ ಸಿಮೆಂಟು. ಗಾರೆ ಕೆಲಸದವನನ್ನು ಕೇಳಿದರೆ, "ಬಾಗಿಲು ಮೇಲಿಂದ ಇಳಿಯೋವಾಗ ಹೊಸಿಲು ಎಲ್ಲಿಡ್ಲಮ್ಮಾ?" ಎಂದ. ಅರಿಶಿನದ ಬಟ್ಟಲು ಹಿಡಿದು ಅವಳು ಎಷ್ಟೋ ಹೊತ್ತು ಹಾಗೇ ನಿಂತಳಂತೆ. ಕೊನೆಗೆ ಕೆಳಗಿಳಿದು ಬಂದಳು. ಮಹಡಿಗೆಲ್ಲ ಇದೇ ತಾನೇ ಬಾಗಿಲು ಎಂದುಕೊಂಡು ಮೊದಲನೇ ಮೆಟ್ಟಿಲನ್ನೇ ತೊಳೆದಳು. ಎರಡೂ ಮೂಲೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡೆಳೆ ರಂಗೋಲಿ ಎಳೆದು, ಒಂದು ದಾಸವಾಳ ಏರಿಸಿದಳು. ಅಂದಿನಿಂದ ದಿನವೂ ಅದೇ ನಡೆಯಿತು.

ಗೌರಿ ಹಬ್ಬ ಬಂತು. ಬಳೆಗಾರರಿಗೆ ವರ್ಷದ ಸುಗ್ಗಿ. ಕೆಳಗಿನ ಅಂಗಡಿಗಳಲ್ಲಿ ಕಾಲಿಡಲು ಜಾಗವಿಲ್ಲ. ಮಹಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮೇಲಿನ ಮಿಕ್ಕ ಏಳು ಅಂಗಡಿಯವರು ಒಬ್ಬೊಬ್ಬರಾಗಿ ಬೀಗದ ಕೈ ವಾಪಸು ಕೊಟ್ಟರು. ಹಸಿರು, ಕೆಂಪು, ಹಳದಿ ಬಳೆಗಳ ನಡುವೆ ಗಂಗರತ್ನಮ್ಮ ಒಬ್ಬಳೇ ಕೂತು, ಕೆಳಗಿನ ಜನರ ಗದ್ದಲ ಕೇಳುತ್ತ, ತನ್ನ ಕೈಗೇ ಬಳೆ ತೊಟ್ಟು ಬಿಚ್ಚುತ್ತಿದ್ದಳು.

ನವರಾತ್ರಿ ಶುರುವಾಗುವ ಹೊತ್ತಿಗೆ ಸುಬ್ಬರಾಯಪ್ಪನವರು ಮೇಲೆ ಬಂದರು. ಮುಖ ಸಪ್ಪಗಿತ್ತು.

"ಗಂಗಮ್ಮಾ, ಗೊಬ್ಬರದ ಅಂಗಡಿಯೋರು ಮಹಡಿ ಪೂರ್ತಿ ಗೋಡೌನ್‌ಗೆ ಕೇಳ್ತಿದ್ದಾರೆ. ದೀಪಾವಳಿ ಪಾಡ್ಯದ ದಿನ ಬಂದು ನೋಡ್ತಾರಂತೆ. ನಾನೂ ಎಷ್ಟು ದಿನ ಅಂತ ಬೀಗ ಹಾಕಿಟ್ಕೊಳ್ಳಿ? ಅಷ್ಟರಲ್ಲಿ ಜನ ಹತ್ತೋದು ಶುರುವಾದ್ರೆ ಸರಿ. ಇಲ್ದಿದ್ರೆ ಮೆಟ್ಟಿಲ ಕೆಳಗಡೆ ನಿಂಗೆ ಒಂದು ಜಾಗ ಮಾಡಿಕೊಡ್ತೀನಿ. ಬೇಜಾರು ಮಾಡ್ಕೋಬೇಡ."

"ಪಾಡ್ಯದವರೆಗೂ ಇರ್ಲಿ ಸಾವ್ಕಾರ್ರೇ," ಎಂದಷ್ಟೇ ಅಂದಳು. ಹೊಸಿಲಿಲ್ಲದಿದ್ದರೂ ಹೊರಗಿಂದ ಬಂದು ಒಳಗೆ ಕೂರಲು ಒಂದು ಬಾಗಿಲಾದರೂ ಸಿಕ್ಕಿತ್ತು. ಅದೂ ಹೋದರೆ ಮತ್ತೆ ಹೊರಗೇ, ಮೆಟ್ಟಿಲ ಕೆಳಗೆ.

ಜನ ಯಾಕೆ ಮೇಲೆ ಹತ್ತುತ್ತಿಲ್ಲ ಎಂಬುದು ವಿಜಯದಶಮಿಯ ಬೆಳಿಗ್ಗೆ ಅವಳಿಗೆ ತಿಳಿಯಿತು. ತಿಳಿಸಿದವಳು ಕ್ಯಾಲನೂರಿನ ಮುತ್ಯಾಲಮ್ಮ. ಮುತ್ಯಾಲಮ್ಮ ಎಮ್ಮೆ ಸಾಕಿದವಳು, ದಿನಾ ಮೊಸರು ತುಪ್ಪ ತಂದು ಪೇಟೆಯಲ್ಲಿ ಮಾರುವವಳು. ಅವಳ ಜೊತೆ ಯಾವಾಗಲೂ ಊರಿನ ನಾಲ್ಕೈದು ಹೆಂಗಸರು ಇರುತ್ತಿದ್ದರು. ಅಂದು ಗಂಗರತ್ನಮ್ಮ ಹೂ ತರಲು ಹೋಗಿ ಹಿಂತಿರುಗಿದರೆ ಮುತ್ಯಾಲಮ್ಮ ಚಪ್ಪಲಿ ದೂರ ಬಿಟ್ಟು, ಮೊದಲನೇ ಮೆಟ್ಟಿಲ ಮೇಲೆ ತೆಂಗಿನಕಾಯಿ ಹೋಳು ಇಟ್ಟು, ಸೆರಗೊಡ್ಡಿ ಅಡ್ಡಬಿದ್ದಿದ್ದಳು.

"ಏನ್ ಮುತ್ಯಾಲಕ್ಕ, ಇಲ್ಲೇ ಅಡ್ಡಬಿದ್ಬಿಟ್ಟೆ? ಮೇಲಕ್ಕೆ ಬಾ."

"ಅಮ್ಮೋ! ಬೇಡ ನಾ ತಲ್ಲಿ, ನನ್ನ ತಾಯಿ. ತಲೆ ಮೇಲೆ ನೀರು ಹಾಕ್ಕೊಂಡಿಲ್ಲ, ಸಗಣಿ ಕೈ. ಹಿಂಗೇ ಹೆಂಗೆ ಮೇಲೆ ಬರ್ಲಿ?" ಎಂದು ದನಿ ತಗ್ಗಿಸಿದಳು. "ದಿನಾ ಕೇಳ್ಬೇಕು ಅಂದ್ಕೊಳ್ತೀನಿ. ಮೇಲಿರೋದು ಯಾವ ಅಮ್ಮ?"

"ಮೇಲೆ ನಾನಿರೋದು ಕಣಕ್ಕಾ!"

ಮುತ್ಯಾಲಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ನೀನು ಪೂಜಾರಮ್ಮ ತಾನೇ?"

"ಬಳೆಗಾರ್ತಿ! ಮೇಲೆ ನಮ್ಮ ಬಳೆ ಅಂಗಡಿ. ಗುಡಿನೂ ಇಲ್ಲ, ಗೋಪುರನೂ ಇಲ್ಲ."

ಜೊತೆಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಸೊಸೆಗೆ ಮಗುವಾದರೆ ಇಲ್ಲಿಗೆ ಮಡಿಲಕ್ಕಿ ತರುತ್ತೇನೆಂದು ಹರಕೆಯನ್ನೂ ಹೊತ್ತಿದ್ದಳಂತೆ! ಮೊದಲು ನಕ್ಕವಳು ಮುತ್ಯಾಲಮ್ಮ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ರಸ್ತೆಯಲ್ಲೇ ಕೂತರು. ಅಂಗಡಿಯೊಳಗಿಂದ ಎಲ್ಲ ಕೇಳಿಸಿಕೊಂಡ ಪೆದ್ದಪ್ಪ ಹೊರಗೆ ಬಂದ.

"ಎರಡು ತಿಂಗಳಿಂದ ನೋಡ್ತಿದ್ದೀನಿ. ಬರೋ ಗಿರಾಕಿನೆಲ್ಲ ನೀನೇ ಬಾಗಿಲಲ್ಲಿ ಕೈ ಮುಗಿಸಿ ವಾಪಸ್ ಕಳಿಸ್ತಿದ್ಯಲ್ಲೇ ಗಂಗಕ್ಕಾ! ಒಂದು ಬಕೆಟ್ ನೀರು ತಂದು ಆ ಅರಿಶಿನ ತೊಳೆದು ಬಿಸಾಕು. ನಾಳೆಯಿಂದ ಹತ್ತದಿದ್ರೆ ಕೇಳು."

"ಇಟ್ಟ ಕೈಯಲ್ಲೇ ಹೆಂಗೆ ಅಳಿಸ್ಲಿ ಪೆದ್ದಣ್ಣ? ಹೊಸಿಲು ಬರಿದು ಬಿಟ್ಟು ವ್ಯಾಪಾರಕ್ಕೆ ಕೂತ್ಕೊಳ್ಳಾ?"

"ಹಂಗಾದ್ರೆ ಹತ್ತಿ ಬಾ ಅಂತ ಇವರಿಗೆ ಹೇಳು."

ಗಂಗರತ್ನಮ್ಮ ಮುತ್ಯಾಲಮ್ಮನ ಕೈ ಹಿಡಿದೆಳೆದಳು. ಮುತ್ಯಾಲಮ್ಮ ಕಾಲೆತ್ತಿದಳು, ಮತ್ತೆ ಇಳಿಸಿದಳು. "ಗೊತ್ತಾಯ್ತು ಕಣಮ್ಮಾ, ಬಳೆ ಅಂಗಡಿ ಅಂತ ಗೊತ್ತಾಯ್ತು. ಆದ್ರೂ ಅರಿಶಿನ ಇಟ್ಟ ಕಲ್ಲು ದಾಟಕ್ಕೆ ಕಾಲೇ ಏಳ್ತಿಲ್ಲ, ಏಂ ಚೇಸೇದಿ, ಏನ್ ಮಾಡ್ಲಿ!"

ಅವರು ಹೋದ ಮೇಲೆ ಗಂಗರತ್ನಮ್ಮ ಆ ಮೆಟ್ಟಿಲ ಪಕ್ಕದಲ್ಲೇ ಕೂತಳು. ಅಳಿಸಿದರೆ ಮನಸ್ಸು ಒಪ್ಪದು. ಇಟ್ಟರೆ ಅಂಗಡಿ ಉಳಿಯದು. ಪಾಡ್ಯಕ್ಕೆ ಇನ್ನು ಎಷ್ಟು ದಿನ ಎಂದು ಬೆರಳು ಮಡಿಸಿದಳು. ಇಪ್ಪತ್ತೊಂದು. ಮೆಟ್ಟಿಲು ಎಣಿಸಿದಳು. ಅವೂ ಇಪ್ಪತ್ತೊಂದು. ಆಗ ಅವಳಿಗೆ ಆವಣಿ ಬೆಟ್ಟ ನೆನಪಾಯಿತು. ಚಿಕ್ಕಂದಿನಲ್ಲಿ ಅಮ್ಮನ ಸೆರಗು ಹಿಡಿದು ಹತ್ತುವಾಗ, ಅಮ್ಮ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಟ್ಟುಕೊಂಡೇ ಮೇಲಕ್ಕೆ ಹೋಗುತ್ತಿದ್ದಳು. "ಅಮ್ಮಾ, ಪೂಜೆ ಮಾಡಿದ ಮೆಟ್ಟಿಲು ತುಳೀತಿದ್ದೀವಲ್ಲ?" ಎಂದರೆ, "ಪೂಜೆ ಆದ ಮೆಟ್ಟಿಲು ಇರೋದೇ ಹತ್ತೋದಕ್ಕೆ ಕಣೇ ಪೆದ್ದೀ," ಎನ್ನುತ್ತಿದ್ದಳು.

ಮರುದಿನ ಏಕಾದಶಿ. ಗಂಗರತ್ನಮ್ಮ ಮೊದಲನೇ ಮೆಟ್ಟಿಲಿಗೆ ಎಂದಿನಂತೆ ಪೂಜೆ ಮಾಡಿದಳು. ದ್ವಾದಶಿಯ ದಿನ ಅದನ್ನು ತೊಳೆದು ಎರಡನೇ ಮೆಟ್ಟಿಲಿಗೆ ಅರಿಶಿನ ಇಟ್ಟಳು. ಮೂರನೇ ದಿನ ಮೂರನೆಯದಕ್ಕೆ. ಪೆದ್ದಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಇದೇನಿದು ಹೊಸದು?"

"ಒಂದಕ್ಕೇ ಮಾಡಿದ್ದು ತಪ್ಪಾಯ್ತು ಪೆದ್ದಣ್ಣ. ಮಿಕ್ಕ ಇಪ್ಪತ್ತು ಏನು ಪಾಪ ಮಾಡಿದ್ವು?"

ಮುತ್ಯಾಲಮ್ಮನ ಗುಂಪಿನವರು, ಅವರನ್ನು ನೋಡಿ ಕಲಿತ ಬೇರೆ ಊರಿನವರು, ಎಲ್ಲರಿಗೂ ಹೋಗುತ್ತ ಬರುತ್ತ ಅರಿಶಿನದ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಅಷ್ಟರಲ್ಲಿ ರೂಢಿಯಾಗಿತ್ತು. ಎರಡನೇ ಮೆಟ್ಟಿಲಿಗೆ ಸ್ವಲ್ಪ ಬಗ್ಗಿದರು. ನಾಲ್ಕನೆಯದಕ್ಕೆ ಕೈ ನೀಡಿದರು. ಐದನೆಯದಕ್ಕೆ ಕೈ ಎಟುಕಲಿಲ್ಲ. ಮುತ್ಯಾಲಮ್ಮ ಸುತ್ತ ನೋಡಿ, ಗಲ್ಲ ಬಡಿದುಕೊಂಡು, ತೊಳೆದಿದ್ದ ಮೊದಲನೇ ಮೆಟ್ಟಿಲ ಮೇಲೆ ಬರಿಗಾಲಿಟ್ಟಳು. ಏನೂ ಆಗಲಿಲ್ಲ. ಎರಡನೆಯದರ ಮೇಲೂ ಇಟ್ಟಳು. ಹಿಂದೆ ಮಿಕ್ಕವರು.

ದಿನಕ್ಕೊಂದು ಮೆಟ್ಟಿಲಿನಂತೆ ಅರಿಶಿನ ಏರಿತು, ಅದರ ಹಿಂದೆ ಹೆಂಗಸರೂ ಏರಿದರು. ಹತ್ತನೆಯ ಮೆಟ್ಟಿಲಿಗೆ ಮೆಟ್ಟಿಲ ಸಾಲು ತಿರುಗುತ್ತದೆ. ಅಲ್ಲಿಂದ ತಲೆಯೆತ್ತಿದರೆ ಸಿಮೆಂಟಿನ ಜಾಲಂಧ್ರದಿಂದ ಬೆಳಗಿನ ಬಿಸಿಲು ಸೀದಾ ಹದಿನಾಲ್ಕನೇ ನಂಬರಿನ ಮೇಲೆ ಬೀಳುವುದು ಕಾಣಿಸುತ್ತದೆ. ಗಂಗರತ್ನಮ್ಮ ಅಂದು ಬಳೆಗಳನ್ನೆಲ್ಲ ಷಟರಿನ ಬಾಯಲ್ಲೇ ತೂಗುಹಾಕಿದ್ದಳು. ಎದುರು ಗೋಡೆಯ ಮೇಲೆ ಹಸಿರು ಕೆಂಪು ನೆರಳು ಅಲುಗಾಡುತ್ತಿತ್ತು.

"ಅಬ್ಬಬ್ಬಾ! ಇಷ್ಟೊಂದು ಇಟ್ಕೊಂಡು ಸುಮ್ನೆ ಕೂತಿದ್ಯಾ ಇಷ್ಟು ದಿನ?" ಎಂದು ಮುತ್ಯಾಲಮ್ಮ ಬೈದಳು. ಬೈದು, ಅರಿಶಿನದ ಹತ್ತನೆಯದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕಾಲು ತಗಲದಂತೆ ದಾಟಿ, ಮಿಕ್ಕ ಹನ್ನೊಂದು ಮೆಟ್ಟಿಲು ಬರಿದಾಗಿದ್ದವಲ್ಲ, ಧಡಧಡ ಹತ್ತಿ ಬಂದು ಕೈ ಚಾಚಿದಳು. ಮಹಡಿಯ ಮೊದಲ ಗಿರಾಕಿ. ಒರಟು ಕೈ, ಎರಡೂಮುಕ್ಕಾಲು ಅಳತೆ, ಒಂದು ಬಳೆಯೂ ಒಡೆಯದೆ ಏರಿತು.

ಅಷ್ಟರಲ್ಲಿ ಹನ್ನೆರಡನೇ ದಿನ ಗಂಗರತ್ನಮ್ಮ ಹೊರಗಾದಳು. ಮೂರು ದಿನ ಪೂಜೆಯ ಹಾಗಿಲ್ಲ, ಅಂಗಡಿಯ ಹಾಗಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ ಕೂತು ಒದ್ದಾಡಿದಳು. ಮೂರು ಮೆಟ್ಟಿಲು ತಪ್ಪಿದರೆ ಪಾಡ್ಯಕ್ಕೆ ಹದಿನೆಂಟರಲ್ಲೇ ನಿಲ್ಲುತ್ತದೆ.

"ಬೇಕಾದ್ರೆ ನಾನು ಹೋಗಿ ಅರಿಶಿನ ಇಟ್ಟು ಬರ್ಲೇನೇ?" ಎಂದ ಆಂಜಿನಪ್ಪ.

"ನೀವಾ? ಮೀಸೆ ಹೊತ್ಕೊಂಡು ಹೊಸಿಲು ಪೂಜೆ ಮಾಡಿದ್ರೆ ಇರೋ ಲಕ್ಷ್ಮಿನೂ ನಕ್ಕೊಂಡು ಓಡೋಗ್ತಾಳೆ."

"ಓಡಿದ್ರೆ ಕೆಳಗಡೆಗೇ ತಾನೇ ಓಡೋದು? ಪೆದ್ದಪ್ಪನ ಅಂಗಡಿಲಿ ಹಿಡ್ಕೊಬೋದು ಬಿಡು."

ನಾಲ್ಕನೇ ದಿನ ತಲೆಗೆ ಸ್ನಾನ ಮಾಡಿ ಓಡಿದಳು. ಮೆಟ್ಟಿಲ ಬುಡದಲ್ಲೇ ಜಗಳ ಕೇಳಿಸಿತು. ಮುತ್ಯಾಲಮ್ಮನೂ ಹೂ ಮಾರುವ ಆದಿಲಕ್ಷ್ಮಿಯೂ ಅರಿಶಿನದ ಬಟ್ಟಲು ಹಿಡಿದು ಎಳೆದಾಡುತ್ತಿದ್ದರು.

"ನೆನ್ನೆ ನಿಂದಾಯ್ತು. ಹದಿನೈದನೇದು ನಂದು!"

"ನೆನ್ನೆ ಇಟ್ಟಿದ್ದು ನಮ್ಮ ಊರಿನ ಅಂಜಮ್ಮ, ನಾನಲ್ಲ. ಲೆಕ್ಕ ಸರಿಯಾಗಿ ಹೇಳು."

ಹನ್ನೆರಡು, ಹದಿಮೂರು, ಹದಿನಾಲ್ಕು, ಮೂರಕ್ಕೂ ಪೂಜೆಯಾಗಿತ್ತು. ಒಂದರಲ್ಲಿ ಅರಿಶಿನ ಗಾರೆಯ ಹಾಗೆ ದಪ್ಪ, ಒಂದರಲ್ಲಿ ತೆಳ್ಳಗೆ, ಒಂದರಲ್ಲಿ ರಂಗೋಲಿ ಸೊಟ್ಟ. ಒಂದೂ ಗಂಗರತ್ನಮ್ಮನ ಕೈಯದಲ್ಲ. ಈ ಮಾತು ಹೇಳುವಾಗ ಅವಳು ಬಳೆ ಏರಿಸುವುದನ್ನು ನಿಲ್ಲಿಸುತ್ತಾಳೆ. "ಅವತ್ತು ನಂಗೆ ಅರ್ಥ ಆಯ್ತಮ್ಮ. ಅದು ನನ್ನೊಬ್ಬಳದೇ ಹೊಸಿಲಲ್ಲ."

ಇತ್ತ ಪೆದ್ದಪ್ಪನಿಗೆ ಬೇರೆ ತಾಪತ್ರಯ. ಮೆಟ್ಟಿಲು ಹತ್ತುವವರೆಲ್ಲ ಚಪ್ಪಲಿ ಬಿಡುತ್ತಿದ್ದದ್ದು ಅವನ ಅಂಗಡಿಯ ಮುಂದೆ. "ನನ್ನ ಬಾಗಿಲಲ್ಲಿ ಹಳೇ ಚಪ್ಪಲಿ ಸಂತೆ ನಡೀತಿದೆ!" ಎಂದು ಎರಡು ದಿನ ಕೂಗಾಡಿದ. ಮೂರನೇ ದಿನ ಮುಳಬಾಗಿಲಿನ ಒಬ್ಬಾಕೆ ಕೆಳಗಿಳಿದು ಬಂದು, ಅಂಗುಷ್ಠ ಕಿತ್ತ ತನ್ನ ಚಪ್ಪಲಿಯನ್ನೂ ಅದರ ಹಿಂದೆ ಸಾಲಾಗಿ ತೂಗುತ್ತಿದ್ದ ಹೊಸ ಚಪ್ಪಲಿಗಳನ್ನೂ ನೋಡಿದಳು. ಎರಡು ಸಲ ನೋಡಿದಳು. ಹಳೆಯದನ್ನು ಅಲ್ಲೇ ಬಿಟ್ಟು ಹೊಸದು ಮೆಟ್ಟಿಕೊಂಡು ಹೋದಳು. ಆಮೇಲೆ ಪೆದ್ದಪ್ಪನೇ ಒಂದು ಮರದ ಹಲಗೆ ಹಾಕಿ, "ಚಪ್ಪಲಿ ಇಲ್ಲಿ ಬಿಡಿ ತಾಯಿ, ನಾನು ನೋಡ್ಕೊಳ್ತೀನಿ. ನಿಧಾನವಾಗಿ ಹತ್ತಿ. ಗಂಗಕ್ಕಾ, ಇವತ್ತು ಎಷ್ಟನೇದೇ?" ಎಂದು ಕೂಗಲು ಶುರು ಮಾಡಿದ.

ಬಲಿಪಾಡ್ಯಮಿ ಬಂತು. ಅಂದು ಹೆಂಗಸರು ಗಂಗರತ್ನಮ್ಮನಿಗಿಂತ ಮೊದಲೇ ಬಂದಿದ್ದರು. ಇಪ್ಪತ್ತೊಂದಕ್ಕೆ ಮಾತ್ರವಲ್ಲ, ಬುಡದಿಂದ ತುದಿಯವರೆಗೆ ಎಲ್ಲ ಮೆಟ್ಟಿಲಿನ ಮೂಲೆಗೂ ಅರಿಶಿನ, ಕುಂಕುಮ, ಚೆಂಡು ಹೂ. ಕಪ್ಪು ಕಲ್ಲಿನ ಮೇಲೆ ಅದು ದೀಪ ಹಚ್ಚಿದ ಹಾಗೆ ಕಾಣುತ್ತಿತ್ತು. ಮಹಡಿಯ ತುಂಬ ಜನ. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಕೈಗೆ ಬಳೆ ಏರಿಸಿ ಏರಿಸಿ ಗಂಗರತ್ನಮ್ಮನ ಬೆರಳು ಸೋತಿತ್ತು. ಆಂಜಿನಪ್ಪನೂ ಅಂದು ಹಳ್ಳಿಗೆ ಹೋಗದೆ ಡಜನ್ ಎಣಿಸಿ ಕೊಡುತ್ತಿದ್ದ.

ಹತ್ತು ಗಂಟೆಗೆ ಸುಬ್ಬರಾಯಪ್ಪನವರು ಗೊಬ್ಬರದ ವ್ಯಾಪಾರಿಯನ್ನು ಕರೆದುಕೊಂಡು ಬಂದರು. ವ್ಯಾಪಾರಿ ಮೆಟ್ಟಿಲ ಬುಡಕ್ಕೆ ಬಂದವನೇ ನಿಂತ. ಮೇಲಕ್ಕೆ ನೋಡಿದ. ಚಪ್ಪಲಿ ಕಳಚಿ ಪೆದ್ದಪ್ಪನ ಹಲಗೆಯ ಮೇಲಿಟ್ಟ. ಮೊದಲನೇ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಏನ್ ಸಾವ್ಕಾರ್ರೇ ನೀವು! ಇಂಥಾ ಕಡೆ ಗೊಬ್ಬರ ಇಡಕ್ಕೆ ಕೊಡ್ತೀನಿ ಅಂತೀರಲ್ಲ? ಮೂಟೆ ಹೊರೋ ನಮ್ಮ ಆಳು ಒಬ್ಬನೂ ಇದರ ಮೇಲೆ ಕಾಲಿಡಲ್ಲ. ನಾನೇ ಇಡಲ್ಲ. ಬೇರೆ ಎಲ್ಲಾದ್ರೂ ನೋಡ್ಕೊಳ್ತೀನಿ ಬಿಡಿ," ಎಂದವನು ಹೋಗುತ್ತ ಹೋಗುತ್ತ ಪೆದ್ದಪ್ಪನನ್ನು ಕೇಳಿದ, "ಮೇಲಿರೋದು ಯಾವ ದೇವರಣ್ಣಾ?"

ಪೆದ್ದಪ್ಪ ಸ್ವಲ್ಪವೂ ನಗದೆ, "ಬಳೆ ತೊಡ್ಸೋ ದೇವರು. ಹೆಂಗಸ್ರನ್ನ ಕಳ್ಸಿ," ಎಂದನಂತೆ.

ಸುಬ್ಬರಾಯಪ್ಪನವರು ಮೇಲೆ ಹತ್ತಿ ಬರಲು ಕಾಲು ಗಂಟೆ ಹಿಡಿಯಿತು, ದಾರಿ ಬಿಡುವವರಿಲ್ಲ. ಬಂದು ಜನವನ್ನು ನೋಡಿದರು, ಬೀಗ ಹಾಕಿದ ಏಳು ಅಂಗಡಿಗಳನ್ನು ನೋಡಿದರು, ಜೋರಾಗಿ ನಕ್ಕರು. "ಗಂಗಮ್ಮಾ, ನಾನು ಕಟ್ಟಡ ಕಟ್ಟಿಸ್ದೆ. ಮೆಟ್ಟಿಲು ಕಟ್ಟಿದ್ದು ನೀನು."

ಅದು ಭಕ್ತಿಯೋ ಉಪಾಯವೋ ಎಂದು ಎಷ್ಟೋ ಜನ ಅವಳನ್ನು ಕೇಳಿದ್ದಾರೆ. "ದೇವರಿಗೂ ಗೊತ್ತು, ನಂಗೂ ಗೊತ್ತು. ಇಬ್ರೂ ಇನ್ನೂ ಯಾರಿಗೂ ಹೇಳಿಲ್ಲ," ಎನ್ನುತ್ತಾಳೆ.

ಬಿದಿಗೆಯ ಬೆಳಿಗ್ಗೆ ಇನ್ನೊಂದು ತೊಡಕು. ಮೆಟ್ಟಿಲು ಮುಗಿದುಹೋಗಿದ್ದವು. ಮುತ್ಯಾಲಮ್ಮನ ಗುಂಪು ಇಪ್ಪತ್ತೊಂದೂ ಹತ್ತಿ ಬಂದು, "ಇವತ್ತು ಎಲ್ಲಿ?" ಎಂದು ಕೇಳಿತು. ಗಂಗರತ್ನಮ್ಮ ಬಟ್ಟಲು ಹಿಡಿದು ಸಮತಟ್ಟಾದ ಸಿಮೆಂಟು ನೋಡುತ್ತ ನಿಂತಿದ್ದಳು. ಷಟರಿಗೆ ಹೊಸಿಲಿಲ್ಲವೆಂಬುದು ಆಗಲೇ ಸುಬ್ಬರಾಯಪ್ಪನವರ ಕಿವಿಗೆ ಬಿದ್ದದ್ದು.

"ಅಷ್ಟೇನಾ? ನನಗೆ ಮೊದಲೇ ಹೇಳಬಾರದಿತ್ತಾ?" ಎಂದು ಅವರು ಆಂಜಿನಪ್ಪನನ್ನು ಮನೆಗೆ ಕರೆದುಕೊಂಡು ಹೋದರು. ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಗೆ ಅಡಿಪಾಯವಾಗಿ ಒಂದು ದಿಮ್ಮಿ ಬಿದ್ದಿತ್ತು. ಮಂಡಿಯ ಬೇವಿನ ಹೊಸಿಲು. ಕೆಡವುವಾಗ ಸುಡಲು ಮನಸ್ಸಾಗದೆ ತಂದಿಟ್ಟಿದ್ದರು.

ಮಲಾರ ಹೊತ್ತು ಸವೆದಿದ್ದ ಹೆಗಲಿನ ಮೇಲೆ ಆಂಜಿನಪ್ಪ ಅದನ್ನು ಹೊತ್ತ. ಪೇಟೆ ಬೀದಿಯಲ್ಲಿ ಬಂದ, ಪೆದ್ದಪ್ಪನ ಹಲಗೆಯ ಹತ್ತಿರ ಚಪ್ಪಲಿ ಬಿಟ್ಟ, ಇಪ್ಪತ್ತೊಂದು ಮೆಟ್ಟಿಲು ಹತ್ತಿದ. ಹೆಂಡತಿಯ ಮುಂದೆ ಇಳಿಸಿ ಬೆವರು ಒರೆಸಿಕೊಂಡ.

"ಎಲ್ಲಿ ಹಾಕ್ಲಿ ಹೇಳು."

ಷಟರ್ ಇಳಿಯುವ ಗೆರೆಯ ಮುಂದೆ ಅದನ್ನು ಇಟ್ಟು ಗಾರೆ ಹಾಕಿದರು. ನಡುವಿನ ತಗ್ಗು ಹಾಗೇ ಇತ್ತು. ಗಂಗರತ್ನಮ್ಮ ಅರಿಶಿನ ಹಚ್ಚಲು ಕೂತಾಗ ಅವಳ ಅಂಗೈ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು. ಹದಿನೈದು ವರ್ಷ ಒರಗಿದ್ದ ಮರ. ಅರಿಶಿನ ಅವಳದು, ಹೊಸಿಲೂ ಅವಳದು. ಕಣ್ಣಲ್ಲಿ ನೀರು ಬಂತು. ಮುತ್ಯಾಲಮ್ಮ ಅದನ್ನು ನೋಡಿ, "ಅಳಬೇಡ್ವೇ, ಅರಿಶಿನ ನೀರಾಗುತ್ತೆ," ಎಂದಳು. ಎಲ್ಲರೂ ನಕ್ಕರು.

ಸಂಕ್ರಾಂತಿಯೊಳಗೆ ಮಹಡಿಯ ಏಳೂ ಅಂಗಡಿ ತೆರೆದವು. ಎಂಬತ್ತೊಂದರಲ್ಲಿ ಹಿಂದಿನ ಎರಡನೇ ಸಾಲು ಎದ್ದಿತು. ಆಮೇಲೆ ಜವಳಿಯವರು ಬಂದರು, ಪಾತ್ರೆಯವರು ಬಂದರು, ರೇಡಿಯೋ ಗಡಿಯಾರದವರು ಬಂದರು. ಎಂಬತ್ತನಾಲ್ಕರಲ್ಲಿ ಆಂಜಿನಪ್ಪ ಹಳ್ಳಿ ಸುತ್ತುವುದು ಬಿಟ್ಟು ಮಲಾರವನ್ನು ಅಂಗಡಿಯ ಗೋಡೆಗೆ ತೂಗುಹಾಕಿದ. "ಜನ ಬಳೆ ಹತ್ರ ಬರಲ್ಲ ಅಂದಿದ್ದೆ. ನಮ್ಮ ತಾತ ಮಹಡಿ ನೋಡಿರ್ಲಿಲ್ಲ, ಅದಕ್ಕೇ ಹಂಗೆ ಹೇಳಿದ್ದು," ಎಂದು ಈಗ ತಾತನ ಮೇಲೆ ಹಾಕುತ್ತಾನೆ. ನೆಲಕ್ಕೆ ಮೊಸಾಯಿಕ್ ಹಾಕುವಾಗ ಕೆಲಸದವರು ಹೊಸಿಲು ಕೀಳಬೇಕೆಂದರು. ಸುಬ್ಬರಾಯಪ್ಪನವರು, "ನೆಲವನ್ನ ಅದರ ಸುತ್ತ ಹಾಕ್ರಪ್ಪಾ," ಎಂದರು.

ಎಂಬತ್ತಾರರಲ್ಲಿ ಎರಡನೇ ಮಹಡಿ ಬಂತು. ಒಂದು ತಿಂಗಳಾದರೂ ಅಲ್ಲಿಗೆ ಜನ ಹತ್ತಲಿಲ್ಲ. ಅಲ್ಲಿನ ಅಂಗಡಿಯವರು ಮೂವರು ಕೂಡಿ ಗಂಗರತ್ನಮ್ಮನ ಹತ್ತಿರ ಬಂದು ಕೈ ಹಿಸುಕಿಕೊಳ್ಳುತ್ತ ನಿಂತರು.

"ಅಕ್ಕಾ, ನಮ್ಮ ಮೆಟ್ಟಿಲಿಗೂ ಸ್ವಲ್ಪ ಅರಿಶಿನ ಇಟ್ಟು ಕೊಡ್ಬೇಕು."

ಗಂಗರತ್ನಮ್ಮ ಯಾರದೋ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು. "ನಾನಿಟ್ರೆ ನನ್ನ ಅಂಗಡಿಗೇ ಬರ್ತಾರೆ ಕಣ್ರಪ್ಪಾ. ನಿಮ್ಮ ಹೆಂಡ್ತೀರನ್ನ ಕಳ್ಸಿ. ಹೋಗೋವಾಗ ಹೊಸಿಲು ನೋಡ್ಕೊಂಡು ದಾಟಿ."

ಮೂವರಲ್ಲಿ ಒಬ್ಬ ಎಡವಿದ.